ನಾಲ್ವರು ಅಪ್ಪಂದಿರ ಯಂತ್ರ

ಧಾರೇಶ್ವರದ ಗಣಪಿಯ ಬಾಯಿಗೆ ಊರೇ ಹೆದರುತ್ತಿತ್ತು. ಆದರೆ ಆ ಬಾಯಿ ಹಾಡದೆ ವರ್ಷಗಳಾಗಿದ್ದವು. ಆ ಕಡೆಯ ಮದುವೆ ಹಾಡಿಗೆ ಇಬ್ಬರು ಬೇಕು. ಒಬ್ಬಳು ಸೊಲ್ಲು ಎತ್ತಬೇಕು, ಇನ್ನೊಬ್ಬಳು ಎದುರು ಸೊಲ್ಲು ಕೊಡಬೇಕು. ಎದುರು ಕೊಡುತ್ತಿದ್ದ ಓರಗಿತ್ತಿ ಕಮಲಿ ಒಂದು ಮದುವೆಯಲ್ಲಿ, ದಿಬ್ಬಣದವರ ಎದುರಿಗೇ, ಗಣಪಿ ಎತ್ತಬೇಕಾದ ಸೊಲ್ಲನ್ನು ತಾನೇ ಎತ್ತಿಬಿಟ್ಟಳು. ಅಂದಿನಿಂದ ಬೇಲಿಯಾಚೆ ಅವಳು, ಈಚೆ ಇವಳು, ಮಾತಿಲ್ಲ ಕತೆಯಿಲ್ಲ. ಒಬ್ಬಳೇ ಹಾಡುವವಳು ಹುಚ್ಚಿ ಅಂತ ಹಿಂದೆ ಯಾರಿಗೋ ಅಂದವಳು ಗಣಪಿಯೇ. ಈಗ ಆ ಮಾತಿನಿಂದಾಗಿ ತಾನೂ ಒಬ್ಬಳೇ ಹಾಡುವಂತಿರಲಿಲ್ಲ.

೨೦೦೩ರ ಬೇಸಿಗೆಯಲ್ಲಿ ಅವಳ ಅಂಗಳಕ್ಕೆ ಒಂದು ಕಂಪ್ಯೂಟರ್ ಬಂತು, ಹಿಂದೆ ನಾಲ್ವರು ಪಂಡಿತರು. ಊರೂರಿನ ಹಾಡು ಕೇಳಿ ಕಲಿತ ಯಂತ್ರವಂತೆ, ಎದುರು ಸೊಲ್ಲು ತಾನೇ ಕೊಡುತ್ತದಂತೆ. ಗಣಪಿಗೆ ಜೀವ ಬಂದ ಹಾಗಾಯಿತು. ಆದರೆ ಪಂಡಿತರು ಶುರು ಮಾಡಬೇಕಲ್ಲ! ಮುಂದಿನ ಮಾತನ್ನು ಊಹಿಸುವ ಬುದ್ಧಿ ನಮ್ಮದು ಎಂದರು ಲೆಕ್ಕದವರು. ಮಾತೇ ನಮ್ಮದು ಎಂದರು ಭಾಷೆಯವರು. ಒಳಗಿನ ಜಾಲವೆಲ್ಲ ನರಗಳ ನಕಲು ಎಂದರು ಮಿದುಳಿನ ಡಾಕ್ಟರು. ತಪ್ಪಿ ತಿದ್ದಿಕೊಂಡು ಕಲಿಯುವುದನ್ನು ನಮ್ಮಿಂದಲೇ ಕದ್ದದ್ದು ಎಂದು ಮನಶ್ಶಾಸ್ತ್ರದವರು ಮುನಿಸಿಕೊಂಡು ಬಾವಿಕಟ್ಟೆಯ ಮೇಲೆ ಹೋಗಿ ಕೂತರು. ಯಂತ್ರಕ್ಕೆ ಕಾಯಿ ಒಡೆಯುವವರು ಯಾರೆಂದು ತೀರ್ಮಾನವಾಗದೆ ಮಧ್ಯಾಹ್ನವಾಯಿತು. ಅಪ್ಪಂದಿರು ಹೆಚ್ಚಾದ ಮನೆಯಲ್ಲಿ ತೊಟ್ಟಿಲು ತೂಗುವವರೇ ಇಲ್ಲ ಎಂದು ಗೊಣಗಿ, ಗಣಪಿಯೇ ಕಾಯಿ ಒಡೆದಳು.

ಮದುಮಗಳು ಬಂದಳೆಂದು ಸೊಲ್ಲು ಎತ್ತಿದಳು. ತೊಟ್ಟಿಲು ಕಟ್ಟಿ ಮಲಗಿಸಿ ಎಂದಿತು ಯಂತ್ರ. ಮದುಮಗ ಬಂದನೆಂದಳು. ನೊಗಕ್ಕೆ ಕಟ್ಟಿ ಗದ್ದೆ ಹೂಡಿ ಎಂದಿತು. ಅದು ಭಾಷೆಯ ತಪ್ಪು ಎಂದರು ಲೆಕ್ಕದವರು, ಮಿದುಳಿನದು ಎಂದರು ಭಾಷೆಯವರು. ಈಗ ಯಂತ್ರಕ್ಕೆ ಒಬ್ಬ ಅಪ್ಪನೂ ಉಳಿಯಲಿಲ್ಲ.

ಗಣಪಿ ಹಠ ಬಿಡಲಿಲ್ಲ. ಮದುಮಗ ಬಂದನೆಂದು ಮತ್ತೆ ಎತ್ತಿದಳು. ಅವನಿಗೆ ಹುಲ್ಲು ಹಾಕಿ ಎಂದಿತು ಯಂತ್ರ.

ಆಗ ಬೇಲಿಯಾಚೆಯಿಂದ ಎದುರು ಸೊಲ್ಲು ಬಂತು: ಕಾಲಿಗೆ ನೀರು ಕೊಡಿ, ಕೂರಲು ಮಣೆ ಹಾಕಿ. ಯಂತ್ರ ಕಲಿತೇಬಿಟ್ಟಿತೆಂದು ನಾಲ್ವರು ಪಂಡಿತರೂ ಎದ್ದು ನಿಂತು, ಅದು ತಂತಮ್ಮ ಶಾಸ್ತ್ರದ ಗೆಲುವು ಎಂದರು. ಹಾಡುತ್ತಲೇ ಬೇಲಿ ದಾಟಿ ಬಂದವಳು ಕಮಲಿ.

"ಎಂತ ಮಾಡುದು ಅಕ್ಕ, ಮದಿಮಗನ್ನ ಎತ್ತು ಮಾಡ್ರೆ ನಾ ಸುಮ್ನೆ ಕೂರುದು ಹೆಂಗೆ?" ಅಂದಳು.

ಗಣಪಿಗೆ ಅಳು ಬಂತು, ಹಳೆಯ ಸಿಟ್ಟೂ ಬಂತು. ಚಾಪೆಯ ಮೇಲಿದ್ದ ಕಂಪ್ಯೂಟರನ್ನು ಬದಿಗೆ ಸರಿಸಿ ಜಾಗ ಮಾಡಿದಳು.

"ಆತು, ಕೂತ್ಕ. ಸೊಲ್ಲು ಎತ್ತುದು ಮಾತ್ರ ನಾನು."