ಸೆಂಟರ್‌ವಿಲ್‌ಗೆ ಬಾರದ ಹಿಮ

ನಮ್ಮ ಯಜಮಾನರಿಗೆ ಹಿಮದ ಹುಚ್ಚು. ಹಿಮದಲ್ಲಿ ಆಡುವ ಹುಚ್ಚಲ್ಲ. ಅದು ಎಲ್ಲಿ ಬೀಳುತ್ತದೆ, ಎಷ್ಟು ಬೀಳುತ್ತದೆ, ಯಾವ ಬೆಟ್ಟದ ಯಾವ ಮಗ್ಗುಲಿಗೆ ಬೀಳುತ್ತದೆ ಎಂದು ಮೊದಲೇ ಹೇಳಿಬಿಡುವ ಹುಚ್ಚು. ತೊಂಬತ್ತರ ದಶಕದ ನಡುವಿನ ಮಾತು ಇದು. ವಾಷಿಂಗ್ಟನ್ನಿನ ಪಕ್ಕದ ಸೆಂಟರ್‌ವಿಲ್‌ನಲ್ಲಿ ಬಾಡಿಗೆಯ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಯಲ್ಲಿ ನಾವಿದ್ದೆವು. ನವೆಂಬರ್ ಬಂತೆಂದರೆ ನಮ್ಮ ಟೀವಿಯಲ್ಲಿ ಹವಾಮಾನ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅದೂ ಸಾಲದೆಂದು, ಹಗಲು ರಾತ್ರಿ ಹವಾಮಾನವನ್ನೇ ಓದುವ ಒಂದು ಪುಟ್ಟ ರೇಡಿಯೋ ತಂದು ಮಂಚದ ಪಕ್ಕ ಇಟ್ಟುಕೊಂಡಿದ್ದರು. ಅದರೊಳಗೆ ಒಂದು ಯಂತ್ರದ ದನಿ ಮೂಗಿನಲ್ಲಿ ಜಿಲ್ಲೆ ಜಿಲ್ಲೆಯ ಹೆಸರು ಹೇಳಿಕೊಂಡು ಹೋಗುತ್ತಿತ್ತು, ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಊಟಕ್ಕೆ ಕರೆದರೆ ಮಾತ್ರ ಕಿವಿಗೆ ಬೀಳುತ್ತಿರಲಿಲ್ಲ.

ಇವರು ಚಳ್ಳಕೆರೆ ಕಡೆಯವರು. ಮೋಡ ತಮ್ಮ ತಲೆಯ ಮೇಲೇ ಹಾದು ಇನ್ಯಾರದೋ ಊರಿಗೆ ಹೋಗುವುದನ್ನು ನೋಡುತ್ತಾ ಬೆಳೆದವರು. ಮೈಸೂರಿನವಳಾದ ನನಗೆ ಮಳೆ ಎಂದರೆ ಕೊಡೆ ಮರೆತ ದಿನ ಬರುವಂಥದ್ದು, ಅಷ್ಟೆ. ಆದ್ದರಿಂದ ಇವರ ಹುಚ್ಚು ನನಗೆ ಅರ್ಥವಾಗುತ್ತಿರಲಿಲ್ಲ. ಮನೆಯೊಳಗೆ ಇಟ್ಟುಕೊಂಡಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಗೊತ್ತಾದದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಇವರದಲ್ಲ. ಫೋನ್ ಹಿಡಿದು ಕೂತರೆ ನಮ್ಮ ಬೀದಿಯಿಂದ ಹಿಡಿದು ಮೇರಿಲ್ಯಾಂಡಿನ ಎಲಿಕಾಟ್ ಸಿಟಿಯವರೆಗಿನ ಕನ್ನಡದ ಮನೆಗಳಿಗೆಲ್ಲ ಸುದ್ದಿ ಮುಟ್ಟಬೇಕು.

"ಶನಿವಾರ ಎಂಟು ಇಂಚು ಗ್ಯಾರಂಟಿ ಕಣ್ರೀ. ಹಾಲು, ಬ್ರೆಡ್ಡು ಈಗ್ಲೇ ತಂದಿಟ್ಕೊಳ್ಳಿ. ಯಾರೂ ಡ್ರೈವ್ ಮಾಡೋಕೆ ಹೋಗ್ಬೇಡಿ."

ಇವರ ಮಾತು ನಂಬಿ ಎಲಿಕಾಟ್ ಸಿಟಿಯ ಒಂದು ಮನೆಯವರು ಮಗುವಿನ ನಾಮಕರಣವನ್ನೇ ಮುಂದಕ್ಕೆ ಹಾಕಿದರು. ಆ ಶನಿವಾರ ಬೆಳಗ್ಗೆ ಎದ್ದು ನೋಡಿದರೆ ಕಣ್ಣು ಕುಕ್ಕುವ ಬಿಸಿಲು. ಮಕ್ಕಳು ಜಾಕೆಟ್ ಬಿಚ್ಚಿ ಎಸೆದು ಸೈಕಲ್ ಹೊಡೆದರು. ಇವರ ಫೋನ್ ಬರುವ ಮೊದಲೇ ಮಾಡಿಟ್ಟಿದ್ದ ಬಿಸಿಬೇಳೆಬಾತನ್ನು ಆ ಮನೆಯವರು ಫ್ರೀಜರಿನಲ್ಲಿಟ್ಟು ಎಷ್ಟೋ ವಾರ ತಿಂದರಂತೆ. ಹಾಗೆಂದು ಹಿಮ ಬಿದ್ದೇ ಇರಲಿಲ್ಲವೆಂದಲ್ಲ. ಪಶ್ಚಿಮಕ್ಕೆ ಒಂದೂವರೆ ಗಂಟೆ ದೂರದ ಬ್ಲೂ ರಿಡ್ಜ್ ಬೆಟ್ಟದಲ್ಲಿ ಬಿದ್ದಿತ್ತು. ಇವರು ಮರುದಿನವೇ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ತೋರಿಸಲು ಹೋದರು. ಬೆಟ್ಟದ ಈಚೆ ಮಗ್ಗುಲಲ್ಲಿ ಒಣ ಹುಲ್ಲು, ನೆತ್ತಿ ದಾಟಿ ಆಚೆ ತಿರುಗಿದರೆ ಎಲ್ಲ ಬೆಳ್ಳಗೆ. ಇವರು ಡಿಕ್ಕಿಯಿಂದ ನನ್ನ ಮರದ ಸೌಟನ್ನು ತೆಗೆದು ಹಿಮಕ್ಕೆ ಚುಚ್ಚಿ ಅಳೆದರು.

"ನೋಡು, ನಾನು ಹೇಳಿದ್ದು ಸುಳ್ಳಾ? ಬಂತಲ್ಲ! ಇಲ್ಲಿಗೆ ಬಂತು!"

ದಾರಿಯಲ್ಲಿ ಹೋಗುವ ಕಾರಿನವರು ನಿಧಾನ ಮಾಡಿ, ಸೌಟು ಹಿಡಿದು ಬಗ್ಗಿ ನಿಂತ ಈ ಮನುಷ್ಯನನ್ನು ನೋಡಿ ಹೋದರು. ನಾನು ಸೀಟಿನಲ್ಲಿ ಕುಗ್ಗಿ ಕೂತೆ. ಇವರು ಹೆಮ್ಮೆಪಡುತ್ತಿದ್ದಷ್ಟೂ ನನಗೆ ನಾಚಿಕೆ ಹೆಚ್ಚಾಗುತ್ತಿತ್ತು.

ಆಮೇಲೆ ಇವರಿಗೆ 'ಹಿಮಾಲಯ ಸ್ವಾಮಿಗಳು' ಎಂಬ ಹೆಸರು ಬಿತ್ತು. ದೇವಸ್ಥಾನದಲ್ಲಿ ಸಿಕ್ಕ ಹೆಂಗಸರು, "ಈ ವಾರ ಸ್ವಾಮಿಗಳದ್ದು ಏನು ಅಪ್ಪಣೆ ಆಗಿದೆ?" ಎಂದು ನನ್ನನ್ನೇ ಕೇಳಿ ಬಾಯಿಗೆ ಸೆರಗು ಹಿಡಿಯುತ್ತಿದ್ದರು. ನಾನೂ ನಗುತ್ತಿದ್ದೆ, ಮತ್ತೇನು ಮಾಡುವುದು. ಮೈಯೆಲ್ಲ ಉರಿಯುತ್ತಿತ್ತು. ಅವರ ಗಂಡಂದಿರು ಮನೆ ಕೊಳ್ಳುವುದು, ಗ್ರೀನ್ ಕಾರ್ಡು ಎಂದು ದೊಡ್ಡ ಮಾತಾಡುವಾಗ ನನ್ನ ಗಂಡ ಮೋಡ ಎಣಿಸುತ್ತಿದ್ದರು. ಒಂದು ದಿನ ದೇವಸ್ಥಾನದಿಂದ ಬರುವಾಗ ಕಾರಿನಲ್ಲಿ ಅಳು ತಡೆಯಲಾರದೆ ಹೇಳಿಬಿಟ್ಟೆ.

"ನಿಮ್ಮ ಸ್ನೋ ಕಾಟಕ್ಕೆ ನಾನು ನಾಲ್ಕು ಜನರ ಮುಂದೆ ತಲೆ ಎತ್ತೋ ಹಾಗಿಲ್ಲ. ನಿಮಗಂತೂ ನಾಚ್ಕೆ ಇಲ್ಲ, ನನಗಿದೆ."

ಅಂದಿನಿಂದ ಇವರು ಫೋನ್ ಮಾಡುವುದು ನಿಂತಿತು. ರೇಡಿಯೋದ ದನಿಯೂ ತಗ್ಗಿತು. ನನಗೆ ದೊಡ್ಡ ನೆಮ್ಮದಿಯಾಯಿತು.

ಕೆಳಗಿನ ಮನೆಯಲ್ಲಿ ಮೈಸೂರಿನ ಒಬ್ಬ ಹುಡುಗಿ ಇದ್ದಳು, ಚೊಚ್ಚಲ ಬಸುರಿ. ಅವಳ ಗಂಡನಿಗೆ ಬೆಟ್ಟದ ಆಚೆಯ ಕಣಿವೆಯ ಊರಿನ ಒಂದು ಕಂಪನಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ವಾರವಿಡೀ ಅಲ್ಲೇ ಇದ್ದು, ಶುಕ್ರವಾರ ಬೆಟ್ಟ ಹತ್ತಿ ಇಳಿದು ಮನೆಗೆ ಬರುತ್ತಿದ್ದ. ಬಾಣಂತನಕ್ಕೆಂದು ಹುಡುಗಿಯ ತಾಯಿ ಊರಿನಿಂದ ಬಂದಿದ್ದರು. ಸಂಕ್ರಾಂತಿ ಕಳೆದ ಮೇಲೆ ಒಂದು ಶನಿವಾರ ಸೀಮಂತ ಎಂದು ನಿಶ್ಚಯವಾಯಿತು. ಸೀಮಂತ ಮೊದಲ ಬಸಿರಿಗೆ ಒಂದೇ ಸಲ. ಗಂಡನೇ ಪಕ್ಕದಲ್ಲಿ ಕೂತು ಮುಳ್ಳುಹಂದಿಯ ಮುಳ್ಳಿನಿಂದ ಹೆಂಡತಿಯ ಬೈತಲೆ ತೆಗೆಯಬೇಕು. ಆ ಮುಳ್ಳನ್ನು ತಾಯಿ ಸೂಟ್‌ಕೇಸಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟು ತಂದಿದ್ದರು. ಅಳಿಯ ಸಮಯಕ್ಕೆ ಬರುತ್ತಾನೋ ಇಲ್ಲವೋ ಎಂಬುದೊಂದೇ ಆಕೆಯ ಚಿಂತೆ.

ಗುರುವಾರ ಸಂಜೆ ಆ ಅಳಿಯನೇ ಕಣಿವೆಯಿಂದ ನಮ್ಮ ಮನೆಗೆ ಫೋನ್ ಮಾಡಿದ. ನಾನು ಪಾತ್ರೆ ಒರೆಸುತ್ತಾ ಫೋನಿನ ಪಕ್ಕವೇ ನಿಂತಿದ್ದೆ. ಅವನದು ಜೋರು ದನಿ, ರಿಸೀವರಿನಿಂದ ನನಗೂ ಕೇಳುತ್ತಿತ್ತು.

"ಅಂಕಲ್, ಶನಿವಾರ ಸೆಂಟರ್‌ವಿಲ್‌ನಲ್ಲಿ ಸ್ನೋ ಇದ್ಯಾ? ಇದ್ರೆ ಬಾಸ್‌ಗೆ ಹೇಳಿ ನಾಳೆ ಮಧ್ಯಾಹ್ನಾನೇ ಬಂದ್ಬಿಡ್ತೀನಿ. ಇಲ್ಲಾಂದ್ರೆ ಇಲ್ಲಿ ಸಾಫ್ಟ್‌ವೇರ್ ರಿಲೀಸ್ ಕೆಲಸ ಮುಗಿಸ್ಕೊಂಡು ಶನಿವಾರ ಬೆಳಗ್ಗೆ ಹೊರಡ್ತೀನಿ."

ಇವರು ನನ್ನ ಮುಖ ನೋಡಿದರು. ನಾನು ಮತ್ತೇನು ಅವಾಂತರ ಕಾದಿದೆಯೋ ಎಂದು ಹುಬ್ಬು ಗಂಟಿಕ್ಕಿದ್ದಿರಬೇಕು.

"ಸೆಂಟರ್‌ವಿಲ್‌ನಲ್ಲಿ ಏನೂ ಬರಲ್ಲಪ್ಪ. ಮಳೆ ಬಂದ್ರೆ ಬರಬಹುದು" ಎಂದರು.

ನನಗೆ ಎಷ್ಟು ಖುಷಿಯಾಯಿತೆಂದರೆ ಆ ರಾತ್ರಿ ಇವರಿಗೆ ಇಷ್ಟವೆಂದು ಗೊಜ್ಜವಲಕ್ಕಿ ಮಾಡಿದೆ. ಇವರು ಸರಿಯಾಗಿ ತಿನ್ನಲಿಲ್ಲ.

ಶನಿವಾರ ಬೆಳಗ್ಗೆ ಸೆಂಟರ್‌ವಿಲ್‌ನಲ್ಲಿ ತಣ್ಣನೆಯ ಜಿಟಿಜಿಟಿ ಮಳೆ. ಹಿಮದ ಒಂದು ಹರಳೂ ಇಲ್ಲ. ಕೆಳಗಿನ ಮನೆಯ ತುಂಬ ಜನ, ಬಾಗಿಲಾಚೆ ಒದ್ದೆ ಶೂಗಳ ರಾಶಿ. ಹುಡುಗಿ ಹಸಿರು ಸೀರೆ ಉಟ್ಟು ಹಸೆಯ ಮೇಲೆ ಕೂತಿದ್ದಳು, ಪಕ್ಕದ ಮಣೆ ಖಾಲಿ. ಗಂಡ ಬೆಳಗ್ಗೆಯೇ ಹೊರಟಿದ್ದಾನೆ, ಇನ್ನೇನು ಬರುತ್ತಾನೆ ಎಂದು ಎಲ್ಲರೂ ಹೇಳಿದರು. ಆಗ ಅವನಂಥವರ ಹತ್ತಿರ ಸೆಲ್ ಫೋನ್ ಎಲ್ಲಿತ್ತು? ಬಂದಾಗಲೇ ಗೊತ್ತಾಗಬೇಕು.

ಕಾಯುವ ಬೇಸರಕ್ಕೆ ಜನರಿಗೆ ನಮ್ಮವರೇ ಸಿಕ್ಕರು. ಆದರೆ ಈ ಸಲ ಹಾಸ್ಯಕ್ಕಲ್ಲ, ಅಳಿಯನಿಗೆ ಇವರು ಫೋನಿನಲ್ಲಿ ಹೇಳಿದ್ದು ಹುಡುಗಿಯ ಬಾಯಿಂದ ಎಲ್ಲರಿಗೂ ಮುಟ್ಟಿತ್ತು.

"ಏನೇ ಹೇಳಿ, ಈ ಸಲ ಸ್ವಾಮಿಗಳು ಪರ್ಫೆಕ್ಟಾಗಿ ಹೇಳಿದ್ರು ನೋಡಿ" ಎಂದರು ಒಬ್ಬರು. "ಟೀವಿಯವನು ಮಳೆ, ಸ್ನೋ ಎರಡೂ ಮಿಕ್ಸ್ ಅಂದಿದ್ದ, ಇವರು ಮಳೆ ಅಂದ್ರು. ಮಳೇನೇ!" ಎಂದರು ಇನ್ನೊಬ್ಬರು. ನಾಮಕರಣ ಮುಂದಕ್ಕೆ ಹಾಕಿದ್ದ ಎಲಿಕಾಟ್ ಸಿಟಿಯ ಆಕೆಯೇ ನನ್ನ ಹತ್ತಿರ ಬಂದು, "ನಿಮ್ಮೆಜಮಾನ್ರು ಈಗ ಎಕ್ಸ್‌ಪರ್ಟ್ ಆಗ್ಬಿಟ್ರು ಬಿಡಿ" ಎಂದು ತೋಳು ಹಿಂಡಿದಳು. ಆ ಚಳಿಗಾಲದಲ್ಲಿ ನಾನು ಅಷ್ಟು ಹಗುರಾಗಿದ್ದೇ ಇಲ್ಲ. ನನಗೇ ಪ್ರಶಸ್ತಿ ಬಂದ ಹಾಗೆ ಬೀಗುತ್ತಾ ಕೋಸಂಬರಿ ಹಂಚಿದೆ.

ಪುರೋಹಿತರು ಎರಡು ಸಲ ಗಡಿಯಾರ ನೋಡಿದ್ದಾಗಿತ್ತು. ನಾನು ಬಟ್ಟಲು ತರಲು ಅಡುಗೆಮನೆಗೆ ಹೋದರೆ ನಮ್ಮವರು ಒಬ್ಬರೇ ಕಿಟಕಿಯ ಹತ್ತಿರ ನಿಂತಿದ್ದರು. ಮುಖ ಬಿಳುಚಿಕೊಂಡಿತ್ತು.

"ಗಾಡಿ ಕೀ ಕೊಡು."

"ಈಗ ಎಲ್ಲಿಗೆ?"

"ಬೆಟ್ಟಕ್ಕೆ. ಮೇಲ್ಗಡೆ ಸುರೀತಾ ಇದೆ. ಗುರುವಾರಾನೇ ಗೊತ್ತಿತ್ತು. ಆ ಕಡೆ ಕಣಿವೇಲೂ ಮಳೆ, ಈ ಕಡೇನೂ ಮಳೆ, ಮಧ್ಯ ಬೆಟ್ಟದ ಮೇಲೆ ಮಾತ್ರ ಸ್ನೋ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. "ಮತ್ತೆ ಅವನಿಗೆ ಬರಲ್ಲ ಅಂದ್ರಲ್ಲ?"

"ಸೆಂಟರ್‌ವಿಲ್‌ನಲ್ಲಿ ಬರುತ್ತಾ ಅಂತ ಕೇಳ್ದ. ಬರಲ್ಲ ಅಂದೆ." ತಗ್ಗಿದ ದನಿಯಲ್ಲಿ ಹೇಳಿದರು: "ಬೆಟ್ಟದ ಮಾತು ಎತ್ತಿದ್ರೆ ಮತ್ತೆ ನಗ್ತಾರೆ ಅಂತ... ನೀನು ಪಕ್ಕದಲ್ಲೇ ನಿಂತಿದ್ದೆ."

ಕೀ ತೆಗೆದುಕೊಂಡು ಹಿಂಬಾಗಿಲಿನಿಂದ ಹೊರಟೇಹೋದರು. ನಾನು ಬಟ್ಟಲು ಹಿಡಿದು ಅಲ್ಲೇ ನಿಂತೆ. ಹಾಲಿನಲ್ಲಿ ಯಾರೋ ಹಾಡು ಶುರು ಮಾಡಿದ್ದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಇವರಿಗೆ ನಾಚಿಕೆಯಿಲ್ಲ ಎಂದು ಅತ್ತಿದ್ದೆನಲ್ಲ, ಈಗ ಇವರೂ ನಾಚಿಕೆ ಕಲಿತಿದ್ದರು.

ಮುಹೂರ್ತ ಮೀರಿತು. ಪುರೋಹಿತರಿಗೆ ಇನ್ನೊಂದು ಮನೆಯಲ್ಲಿ ಪೂಜೆ ಇತ್ತು. ಹುಡುಗಿಯೊಬ್ಬಳನ್ನೇ ಕೂರಿಸಿ ಮಂತ್ರ ಹೇಳಿ, ಗಂಡ ಬಂದ ಮೇಲೆ ಬೈತಲೆ ತೆಗೆಸಿ ಎಂದು ತಾಯಿಗೆ ಹೇಳಿ ಹೊರಟರು. ಹೆಂಗಸರು ಬಳೆ ತೊಡಿಸಿದರು. ಹುಡುಗಿ ಕೈ ನೀಡುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದಳು. ನನ್ನ ಸರದಿ ಬಂದಾಗ ಅವಳ ಬೆರಳು ಮಂಜುಗಡ್ಡೆಯ ಹಾಗೆ ತಣ್ಣಗಿತ್ತು.

"ಆಂಟಿ, ಅಂಕಲ್ ಎಲ್ಲಿ? ಒಂದ್ಸಲ ಅವರನ್ನ ಕೇಳ್ತೀರಾ, ದಾರೀಲಿ ಏನಾದ್ರೂ ಸ್ನೋ ಇದ್ಯಾ ಅಂತ?"

"ಅವರು ಕರ್ಕೊಂಡು ಬರೋಕೇ ಹೋಗಿದಾರಮ್ಮ" ಎಂದೆ. ಮಾತು ಮನೆಯೆಲ್ಲ ಹಬ್ಬಿತು. ಮಳೆಯಲ್ಲಿ ಊಟವನ್ನೂ ಬಿಟ್ಟು ಹೋದರಂತೆ, ಎಂಥ ಮನುಷ್ಯ ಎಂದು ಜನ ಮಾತಾಡಿಕೊಂಡರು. ಹುಡುಗಿಯ ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ಆ ಕೈಗಳನ್ನು ಬಿಡಿಸಿಕೊಳ್ಳಲು ನಾನು ಎಲೆ ಎತ್ತುವ ನೆಪ ಹುಡುಕಿದೆ. ಆ ಮಧ್ಯಾಹ್ನದಷ್ಟು ಪಾತ್ರೆ ನಾನು ಜನ್ಮದಲ್ಲಿ ತೊಳೆದಿಲ್ಲ. ಬೆಟ್ಟದ ಆ ತಿರುವುಗಳು, ಕೆಳಗಿನ ಕಮರಿ, ಒಂದೊಂದೂ ನನಗೆ ಗೊತ್ತಿತ್ತು. ಒಬ್ಬನಿಗಾಗಿ ಹೆದರುತ್ತಿದ್ದವಳಿಗೆ ಈಗ ಇಬ್ಬರ ಯೋಚನೆ.

ಸಂಜೆ ಬೆಳಕಿರುವಾಗಲೇ ಬಂದರು, ಇಬ್ಬರೂ. ಯುವಕನ ಕಾರು ಇಳಿಜಾರಿನಲ್ಲಿ ಜಾರಿ ಚರಂಡಿಗೆ ಬಿದ್ದಿತ್ತು. ಅದು ಬೆಟ್ಟದ ಕಡೆಯ ಚರಂಡಿ. ಇನ್ನೊಂದು ಕಡೆಗೆ ಜಾರಿದ್ದರೆ ಮಾತೇ ಇರಲಿಲ್ಲ. ಹಿಮದಲ್ಲಿ ನಡೆದುಕೊಂಡೇ ಇಳಿದು ಒಂದು ಮುಚ್ಚಿದ ಅಂಗಡಿಯ ಜಗುಲಿಯಲ್ಲಿ ನಿಂತಿದ್ದನಂತೆ. ಹಣೆಯ ಮೇಲೆ ಬ್ಯಾಂಡೇಜು, ಮಂಡಿಯವರೆಗೆ ಒದ್ದೆ ಪ್ಯಾಂಟು. ನಡುಗುತ್ತಲೇ ಹೆಂಡತಿಯ ಪಕ್ಕದ ಮಣೆಯ ಮೇಲೆ ಕೂತು, ಅತ್ತೆ ಕೊಟ್ಟ ಮುಳ್ಳಿನಿಂದ ಬೈತಲೆ ತೆಗೆದ. ಹುಡುಗಿ ಆಗ ಅತ್ತಳು. ಉಳಿದುಕೊಂಡಿದ್ದ ನಾಲ್ಕಾರು ಜನರೂ ಕಣ್ಣೊರೆಸಿಕೊಂಡರು.

"ಅಂಕಲ್ ಹೇಳಿದ್ದು ಕರೆಕ್ಟೇ" ಎಂದ ಅವನು, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಇಲ್ಲಿ ನೋಡಿ, ಚೂರೂ ಸ್ನೋ ಇಲ್ಲ. ತಪ್ಪು ನಂದೇ. ರೋಡ್ ಬಗ್ಗೆ ಕೇಳ್ಬೇಕಿತ್ತು, ಕೇಳ್ಲಿಲ್ಲ."

ನಮ್ಮವರು ಗೋಡೆಯ ಕಡೆ ನೋಡಿದರು. ದಾರಿಯುದ್ದಕ್ಕೂ ಅವನಿಗೆ ಹೇಳಬೇಕೆಂದು ಬಾಯಿ ತೆರೆದಿದ್ದರಂತೆ, ಆಗಲಿಲ್ಲವಂತೆ. ಅದನ್ನು ಆಮೇಲೆ ನನಗೆ ಹೇಳಿದರು.

ಹುಡುಗಿಯ ತಾಯಿ ಮಗಳನ್ನು ಎಬ್ಬಿಸಿದರು. "ದೊಡ್ಡೋರಿಗೆ ನಮಸ್ಕಾರ ಮಾಡಮ್ಮ. ನಿನ್ನ ಪಾಲಿನ ದೇವರು ಅವರು." ಆ ತುಂಬಿದ ಹೊಟ್ಟೆ ಹೊತ್ತು, ತಾಯಿಯ ಮೊಣಕೈ ಹಿಡಿದು, ಅವಳು ಇವರ ಕಾಲಿಗೆ ಬಗ್ಗಲು ಬಂದಳು.

"ಬೇಡ, ಬೇಡಮ್ಮ, ಬೇಡ" ಎನ್ನುತ್ತಾ ಇವರು ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿದರು.

"ಎಷ್ಟು ವಿನಯ ನೋಡಿ" ಎಂದರು ಯಾರೋ. "ಇಬ್ರೂ ಒಟ್ಟಿಗೆ ನಿಂತ್ಕೊಳ್ಳಿ, ದಂಪತಿಗಳು ಒಟ್ಟಿಗೆ ಆಶೀರ್ವಾದ ಮಾಡ್ಬೇಕು" ಎಂದು ಇನ್ಯಾರೋ ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ಎಳೆದು ತಂದು ಇವರ ಬಲಕ್ಕೆ ನಿಲ್ಲಿಸಿದರು. ಕೈಗೆ ಅಕ್ಷತೆ ಹಾಕಿದರು.

ಹುಡುಗಿ ಬಗ್ಗಿದಳು. ಅವಳ ಹೊಸ ಬಳೆಗಳು ನಮ್ಮ ಪಾದಗಳಿಗೆ ತಗುಲಿದವು. ಇವರು ಅಕ್ಷತೆಯನ್ನು ಮುಷ್ಟಿಯಲ್ಲೇ ಬಿಗಿಹಿಡಿದರು. ಎಲ್ಲರೂ ಕಾಯುತ್ತಿದ್ದರು, ಯಾರಾದರೊಬ್ಬರು ಹೇಳಲೇಬೇಕಿತ್ತು. ನಾನೇ ಹೇಳಿದೆ.

"ದೀರ್ಘಸುಮಂಗಲೀ ಭವ."