ಮೂಗಿನ ಕೆಳಗಿನ ಬೆರಳು

ಇಳಕಲ್ಲಿನ ಗರಡಿಮನೆಯಲ್ಲಿ ಪೈಲ್ವಾನರು ವಸ್ತಾದ ರಾಚಯ್ಯನವರ ತೋರುಬೆರಳಿಗೆ ಅಂಜುವಷ್ಟು ಎದುರಾಳಿಯ ತೋಳಿಗೂ ಅಂಜುವುದಿಲ್ಲ. ಬೆಳಗಿನ ತಾಲೀಮಿಗೆ ಬಂದವರೆಲ್ಲ ಮೊದಲು ಕೆಮ್ಮಣ್ಣಿನ ಅಖಾಡದ ಸುತ್ತ ಕಣ್ಣು ಮುಚ್ಚಿ ಕೂಡಬೇಕು. ಹೊರಗೆ ಪವರ್‌ಲೂಮುಗಳು ಎಷ್ಟೇ ಬಡಿದುಕೊಳ್ಳಲಿ, ಒಳಗೆ ಕೆಮ್ಮುವ ಧೈರ್ಯ ಯಾರಿಗೂ ಇಲ್ಲ. ಆಮೇಲೆ ರಾಚಯ್ಯನವರು ಒಬ್ಬೊಬ್ಬರ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುತ್ತಾರೆ. ಹೆಂಡತಿಯೊಡನೆ ಆಡಿದ ಜಗಳ, ಬಸ್ಸಿನ ಸೀಟಿಗಾಗಿ ಆದ ಕಾದಾಟ, ಎಲ್ಲವೂ ಆ ಬೆರಳಿಗೆ ತಿಳಿಯುತ್ತದಂತೆ. "ಉಸಿರು ಸುಡಾಕತ್ತೈತಿ. ಸಿಟ್ಟು ಹೊತ್ಕೊಂಡು ಮಣ್ಣಿಗೆ ಇಳೀಬ್ಯಾಡ, ಕೂಡ್ ಹೋಗು," ಎಂದರೆ ಮುಗಿಯಿತು, ಜಿಲ್ಲೆ ಗೆದ್ದವನೂ ಮೂಲೆ ಹಿಡಿಯಬೇಕು. ತಾವು ಮಾತ್ರ ಎಂದೂ ಅಖಾಡಕ್ಕೆ ಇಳಿಯುವುದಿಲ್ಲ, ಪಟ್ಟುಗಳನ್ನೆಲ್ಲ ದಂಡೆಯಲ್ಲಿ ನಿಂತು ಬಾಯಲ್ಲೇ ಕಲಿಸುತ್ತಾರೆ. ಮೊನ್ನೆ, ಹೊಸದಾಗಿ ಸೇರಿದ ಮುತ್ತಪ್ಪ ಕೇಳಿಯೇ ಬಿಟ್ಟ: "ನಿಮ್ಮ ಉಸಿರು ಯಾರು ನೋಡ್ತಾರ್ರಿ, ವಸ್ತಾದರ?" ರಾಚಯ್ಯನವರು ಬೈಯಲಿಲ್ಲ, ಅವನ ಕೈ ಹಿಡಿದು ಹಿಂದಿನ ಓಣಿಯಲ್ಲಿರುವ ಶಂಭುವಿನ ಮನೆಗೆ ಕರೆದೊಯ್ದರು. ಇಪ್ಪತ್ತೆರಡು ವರ್ಷದ ಹಿಂದೆ, ಎಂಥದೋ ಸಿಟ್ಟಿನಲ್ಲಿ ಅಖಾಡಕ್ಕಿಳಿದು ಅವರು ಎತ್ತಿ ಒಗೆದದ್ದು ಈ ಗೆಳೆಯನನ್ನೇ; ಅಂದಿನಿಂದ ಶಂಭುವಿಗೆ ಕತ್ತಿನ ಕೆಳಗೆ ಸ್ವಾಧೀನವಿಲ್ಲ. ರಾಚಯ್ಯನವರು ದಿನದಂತೆ ಬಾಗಿ, ತಮ್ಮ ಉಸಿರು ಅವನ ಕೆನ್ನೆಗೆ ತಾಗುವಂತೆ ಮುಖ ತಂದರು. ಶಂಭು ಕಣ್ಣು ಮುಚ್ಚಿದ. "ತಣ್ಣಗ ಐತಿ ಲೇ ರಾಚ್ಯಾ. ಇವತ್ತರ ಮಣ್ಣಿಗೆ ಇಳಿ," ಎಂದ. ರಾಚಯ್ಯನವರು ತಮ್ಮ ಮೂಗಿನ ಕೆಳಗೆ ತಾವೇ ಬೆರಳಿಟ್ಟು ನೋಡಿಕೊಂಡರು. "ದಿನಾ ಸುಳ್ಳ ಹೇಳ್ತಿ," ಎಂದರು. "ಇನ್ನಾ ಸುಡ್ತೈತಿ."