ನೇಕಾರನ ಗಂಜಿ

ಐವತ್ತರ ದಶಕದಲ್ಲಿ ನಾನು ಗಜೇಂದ್ರಗಡದ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ಒಬ್ಬ ನೇಕಾರ ತನ್ನ ಹೆಂಡತಿಯನ್ನು ಕರೆತಂದ. ಉಂಡದ್ದು ಮೈಗೆ ಹತ್ತದೆ ಅವಳು ಎಲುಬಿನ ಗೂಡಾಗಿದ್ದಳು. ನನ್ನ ಔಷಧಗಳೆಲ್ಲ ಮುಗಿದಿದ್ದವು. ಬರಿಗೈಯಲ್ಲಿ ಕಳಿಸಲು ನಾಚಿಕೆಯಾಗಿ, ಪರದೇಶದ ಪತ್ರಿಕೆಯೊಂದರ ಚಿತ್ರ ತೋರಿಸಿದೆ. ಕರುಳಿನ ಜೀವಕೋಶದ ಮೇಲೆ ಒತ್ತಾಗಿ ನಿಂತ ಕೂದಲಿನಂಥ ಎಳೆಗಳು.

"ಉಂಡಿದ್ದರ ಸಾರ ಹೀರೂವು ಇವ ನೋಡಪಾ. ಇವು ಬಿದ್ದುವಂದ್ರ ಎಷ್ಟ್ ಉಂಡ್ರೂ ಅಷ್ಟ."

ಅವನು ಬಹಳ ಹೊತ್ತು ನೋಡಿದ. "ಇವನ್ನ ನೆಟ್ಟಗ ನಿಲ್ಲಸೂದು ಏನ್ರೀ ಸಾಹೇಬ್ರ?"

"ಯಾರಿಗೂ ಗೊತ್ತಿಲ್ಲಪಾ."

"ನಮ್ಮ ನೂಲಿಗೆ ಗಂಜಿ ಹಚ್ಚಿದ್ರ ಸೆಟದು ನಿಲ್ತೈತ್ರಿ. ಇಕಿಗೂ ಗೋಧಿ ಹಿಟ್ಟಿನ ಗಂಜಿ ಕುಡಸ್ಲೇನ್ರಿ?"

ನನಗೆ ನಗು ಬಂತು. ಆದರೆ ಅವನ ಮುಖದಲ್ಲಿ ಆಸೆ ಕಂಡು, "ಕುಡಸು, ಚಲೋ ಆಕ್ಕೈತಿ" ಅಂದುಬಿಟ್ಟೆ.

ನಡುನಡುವೆ ಮಾತ್ರ ಗೋಧಿ ಉಣ್ಣುತ್ತಿದ್ದವಳಿಗೆ ಜೋಳದ ರೊಟ್ಟಿ ಬಿಡಿಸಿ ಮೂರು ಹೊತ್ತೂ ಗಂಜಿಯನ್ನೇ ಕುಡಿಸಿದ. ಎರಡು ತಿಂಗಳಿಗೆ ಅವಳು ತೀರಿಕೊಂಡಳು.

ಜೋಳದಲ್ಲಿಲ್ಲದ, ಗೋಧಿಯೊಳಗಿನ ಅಂಟೇ ಕೆಲವರ ಕರುಳಿನ ಆ ಎಳೆಗಳನ್ನು ಕೆಡವುತ್ತದೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಅವಳದು ಅದೇ ರೋಗವಾಗಿತ್ತೋ ಏನೋ, ಇನ್ನು ಯಾರನ್ನು ಕೇಳಲಿ? ಎಳೆಗಳನ್ನು ನಿಲ್ಲಿಸುವುದು ಏನೆಂಬುದೂ ಈಗ ತಿಳಿದಿದೆ. ಒಳಗೆ ಮಗ್ಗದ ಹಾಸಿನಂತೆ ಉದ್ದಕ್ಕೂ ಪ್ರೋಟೀನಿನ ನೂಲುಗಳಿವೆ, ಅವನ್ನು ಕಟ್ಟಿ ಹಿಡಿಯಲು ಬೇರೆ ಪ್ರೋಟೀನುಗಳಿವೆ. ನೇಕಾರನ ಆ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಲೋಕದ ಪಂಡಿತರಿಗೆ ವರ್ಷಗಳೇ ಹಿಡಿದವು. ಅವನ ಇನ್ನೊಂದು ಪ್ರಶ್ನೆಗೆ ನಾನು ನಿಂತ ನಿಲುವಿನಲ್ಲೇ "ಕುಡಸು" ಅಂದಿದ್ದೆ.